ಏಂಟ್ರೀ ಲೆಕ್ಕ ಬದಲಾಗಿದೆ, ನಿಮ್ಮ ಟಿಪ್ಸ್ ಬದಲಾಗಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಕ್ರೀಡಾ ಪುಟದ ಮೂಲೆಯಲ್ಲಿ, ಇಂಗ್ಲೆಂಡಿನ ಏಂಟ್ರೀಯಲ್ಲಿ ನಡೆಯುವ 2025ರ ಗ್ರ್ಯಾಂಡ್ ನ್ಯಾಷನಲ್ ಕುದುರೆ ರೇಸ್ ಬಗ್ಗೆ ಒಂದು ಚಿಕ್ಕ ಚೌಕಟ್ಟು ಹಾಕಿದ್ದಿರಿ. ಕನ್ನಡ ಪತ್ರಿಕೆಯಲ್ಲಿ ಅಷ್ಟಾದರೂ ಬಂತಲ್ಲ ಅಂತ ಖುಷಿಯಾಯಿತು, ಅದು ನಿಜ. ಆದರೆ ಅದರಲ್ಲಿ ಕೊಟ್ಟಿದ್ದ ನಾಲ್ಕು 'ಸೂತ್ರ' ಓದಿ ಕಾಫಿ ಲೋಟ ಕೆಳಗಿಟ್ಟೆ. 11 ಸ್ಟೋನ್‌ಗಿಂತ (ಸುಮಾರು 70 ಕೆಜಿ) ಜಾಸ್ತಿ ಭಾರ ಹೊತ್ತ ಕುದುರೆ ಬೇಡ, ಏಳು ವರ್ಷದ ಕುದುರೆ ಬೇಡ, ಬೂದು ಬಣ್ಣದ್ದು ಬೇಡ, ಹೋದ ವರ್ಷ ಗೆದ್ದದ್ದು ಈ ವರ್ಷ ಬೇಡ. ಇಷ್ಟನ್ನು ಹೊಡೆದು ಹಾಕಿದ ಮೇಲೆ ಉಳಿಯುವುದು ಯಾವುದು ಸ್ವಾಮಿ? ಈ ಸಲದ ಒಳ್ಳೆಯ ಕುದುರೆಗಳೆಲ್ಲ ಹೊರಗೆ, ಉಳಿದದ್ದು ಗುಜರಿ.

ನಾನು ಮೈಸೂರಿನವನು. ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್ ಕೋರ್ಸ್‌ಗೆ ಸೋದರಮಾವನ ಕೈ ಹಿಡಿದು ಹೋಗುತ್ತಿದ್ದೆ. ಈಗ ಲಿವರ್‌ಪೂಲ್‌ನಲ್ಲಿ ಕೆಲಸ, ಏಂಟ್ರೀ ಇಲ್ಲಿಂದ ರೈಲಿನಲ್ಲಿ ಕಾಲು ಗಂಟೆ. ಮಾವನ ವಿಷಯ ಒಂದೇ ಮಾತಿನಲ್ಲಿ ಹೇಳಿ ಮುಗಿಸುತ್ತೇನೆ: ಒಂದು ಸೈಟನ್ನು ಕುದುರೆ ಬಾಲಕ್ಕೆ ಕಟ್ಟಿ ಕಳೆದರು. ಹಾಗಾಗಿ ದುಡ್ಡು ಹಾಕಿ ಅಂತ ಯಾರಿಗೂ ಹೇಳುವವನಲ್ಲ ನಾನು. ಆದರೆ ಕುದುರೆ ನೋಡಿ ಅಳೆಯುವುದು ಬೇರೆ, ಜೂಜು ಬೇರೆ. ಮಾವನಿಗೆ ಆ ವ್ಯತ್ಯಾಸ ಗೊತ್ತಿರಲಿಲ್ಲ, ಅಷ್ಟೇ.

ಮೊದಲು ಇದು ಎಂಥ ರೇಸ್ ಅಂತ ಓದುಗರಿಗೆ ಹೇಳಬೇಕಿತ್ತು. ಸ್ಟೀಪಲ್‌ಚೇಸ್ ಅಂದರೆ ನಮ್ಮವರಿಗೆ ನೆನಪಾಗುವುದು ಓಟಗಾರ ಅವಿನಾಶ್ ಸಾಬ್ಳೆ, ನೀರಿನ ಗುಂಡಿ, ಒದ್ದೆ ಬೂಟು. ಆ ಹೆಸರು ಬಂದದ್ದೇ ಕುದುರೆಗಳಿಂದ. 1752ರಲ್ಲಿ ಐರ್ಲೆಂಡಿನ ಕಾರ್ಕ್ ಸೀಮೆಯಲ್ಲಿ ಇಬ್ಬರು ಪಂಥ ಕಟ್ಟಿ ಬಟಿವಂಟ್ ಊರಿನ ಚರ್ಚ್ ಗೋಪುರದಿಂದ ಡೊನರೈಲ್ ಊರಿನ ಚರ್ಚ್ ಗೋಪುರದ ತನಕ ಕುದುರೆ ಓಡಿಸಿದರು. ನಡುವೆ ಬೇಲಿ, ಹಳ್ಳ, ಕಲ್ಲುಗೋಡೆ, ಏನು ಬಂದರೂ ಹಾರಬೇಕು. ಸ್ಟೀಪಲ್ ಅಂದರೆ ಆ ಗೋಪುರವೇ. ಬೆಂಗಳೂರು, ಮೈಸೂರಿನಲ್ಲಿ ನಾವು ನೋಡುವುದು ಫ್ಲ್ಯಾಟ್ ರೇಸ್, ಅಲ್ಲಿ ಹಾರುವ ಪ್ರಶ್ನೆಯೇ ಇಲ್ಲ. ಅದಕ್ಕೇ ನಮ್ಮ ರೇಸ್ ಬುಕ್ ಓದುವ ಅಭ್ಯಾಸವನ್ನು ಹಾಗೇ ಎತ್ತಿಕೊಂಡು ಏಂಟ್ರೀಗೆ ಬಂದರೆ ಕೆಲಸಕ್ಕೆ ಬರುವುದಿಲ್ಲ.

ದೂರ ನೋಡಿ. ಮುಂಬೈನ ಮಹಾಲಕ್ಷ್ಮಿಯಲ್ಲಿ ಇಂಡಿಯನ್ ಡರ್ಬಿ 2400 ಮೀಟರ್. ಗ್ರ್ಯಾಂಡ್ ನ್ಯಾಷನಲ್ 4 ಮೈಲಿ 2 ಫರ್ಲಾಂಗ್ ಮತ್ತು ಚಿಲ್ಲರೆ, ಅಂದರೆ ಸುಮಾರು 6900 ಮೀಟರ್. ಹೆಚ್ಚುಕಮ್ಮಿ ಮೂರು ಡರ್ಬಿ ಒಂದೇ ಉಸಿರಲ್ಲಿ. ಜೊತೆಗೆ 30 ಬೇಲಿ. ಒಂದು ಸುತ್ತಿನಲ್ಲಿ 16, ಅದರಲ್ಲಿ 14 ಬೇಲಿಯನ್ನು ಎರಡು ಸಲ ಹಾರಬೇಕು, 'ದಿ ಚೇರ್' ಮತ್ತು ನೀರಿನ ಬೇಲಿ ಮಾತ್ರ ಒಂದೊಂದೇ ಸಲ. ಬೀಚರ್ಸ್ ಬ್ರೂಕ್‌ನಲ್ಲಿ ಹಾರುವ ಕಡೆಗಿಂತ ಇಳಿಯುವ ಕಡೆ ನೆಲ ತಗ್ಗು. ಕತ್ತಲಲ್ಲಿ ಮೆಟ್ಟಿಲು ಇನ್ನೊಂದಿದೆ ಅಂತ ಗೊತ್ತಿಲ್ಲದೆ ಕಾಲಿಟ್ಟ ಹಾಗೆ ಆಗುತ್ತದೆ ಕುದುರೆಗೆ. 1839ರಲ್ಲಿ, ಅಧಿಕೃತವಾಗಿ ಮೊದಲನೆಯದು ಅನ್ನುವ ರೇಸ್‌ನಲ್ಲಿ, ಕ್ಯಾಪ್ಟನ್ ಮಾರ್ಟಿನ್ ಬೀಚರ್ ಅನ್ನುವ ಜಾಕಿ ಇಲ್ಲಿನ ಹಳ್ಳಕ್ಕೆ ಬಿದ್ದ, ಹೆಸರು ಉಳಿಯಿತು. ಅದಾದ ಮೇಲೆ ಕೆನಾಲ್ ಟರ್ನ್, ಹಾರಿದ ತಕ್ಷಣ ಎಡಕ್ಕೆ ಪೂರ್ತಿ ಮೂಲೆ ತಿರುಗಬೇಕು. ಇಷ್ಟೆಲ್ಲ ಮುಗಿದ ಮೇಲೆ ಕೊನೆಯ ಬೇಲಿಯಿಂದ ಗೆಲುವಿನ ಕಂಬಕ್ಕೆ 494 ಗಜ. ನನ್ನ ಕೇಳಿದರೆ ಅತೀ ಕ್ರೂರವಾದ ಭಾಗ ಅದೇ. ಬೇಲಿ ಇಲ್ಲ, ಬರೀ ಹುಲ್ಲು, ಆದರೆ ಕುದುರೆಯ ಟ್ಯಾಂಕ್ ಖಾಲಿ.

ಇನ್ನು ಭಾರ. ನಿಮ್ಮ ಮೊದಲ ಸೂತ್ರ ಇದರ ಮೇಲೇ ನಿಂತಿದೆ, ಅದಕ್ಕೆ ಇಲ್ಲಿ ಸ್ವಲ್ಪ ಹೊತ್ತು ಕೂರೋಣ. ನ್ಯಾಷನಲ್ ಹ್ಯಾಂಡಿಕ್ಯಾಪ್ ರೇಸ್. ಒಳ್ಳೆಯ ಕುದುರೆಗೆ ಜಾಸ್ತಿ ಭಾರ, ಸಾಧಾರಣ ಕುದುರೆಗೆ ಕಡಿಮೆ. ಅತಿ ಹೆಚ್ಚು ಅಂದರೆ 11 ಸ್ಟೋನ್ 12 ಪೌಂಡ್, ನಮ್ಮ ಲೆಕ್ಕದಲ್ಲಿ 75 ಕೆಜಿ. ನಮ್ಮ ಕಡೆ 60 ಕೆಜಿ ಅಂದರೆ 'ಅಯ್ಯೋ ಭಾರ ಜಾಸ್ತಿಯಾಯ್ತು' ಅನ್ನುತ್ತಾರೆ. ಭಾರ ಏನು ಮಾಡುತ್ತದೆ ಅಂತ ನೋಡಬೇಕಾದರೆ 1973ರ ರೇಸ್ ನೋಡಿ. ಕ್ರಿಸ್ಪ್ ಅನ್ನುವ ಆಸ್ಟ್ರೇಲಿಯಾದ ಕುದುರೆ 12 ಸ್ಟೋನ್ ಹೊತ್ತು ಮೈಲಿಗಟ್ಟಲೆ ಒಂಟಿಯಾಗಿ ಮುಂದೆ ಓಡಿತು. ಹಿಂದೆ ರೆಡ್ ರಮ್, ಅದಕ್ಕೆ 23 ಪೌಂಡ್ ಕಡಿಮೆ ಭಾರ, ಅಂದರೆ ಹತ್ತು ಕೆಜಿಗೂ ಜಾಸ್ತಿ ವ್ಯತ್ಯಾಸ, ಒಂದು ದೊಡ್ಡ ಅಕ್ಕಿ ಚೀಲ. ಕೊನೆಯ 494 ಗಜದಲ್ಲಿ ಕ್ರಿಸ್ಪ್ ಕಾಲು ಎಳೆಯತೊಡಗಿತು, ರೆಡ್ ರಮ್ ಮುಕ್ಕಾಲು ಲೆಂತ್‌ನಿಂದ (ಒಂದು ಲೆಂತ್ ಅಂದರೆ ಒಂದು ಕುದುರೆಯ ಉದ್ದ) ಗೆದ್ದಿತು. ಹಳೆಯ ರೀಲು ನೋಡಿದಾಗಲೆಲ್ಲ ಕ್ರಿಸ್ಪ್ ಈ ಸಲವಾದರೂ ಗೆಲ್ಲುತ್ತದೆ ಅಂತ ನನಗೆ ಅನ್ನಿಸುತ್ತದೆ.

ಹಾಗಾದರೆ ಭಾರದ ಸೂತ್ರ ಸರಿಯೇ ಅಲ್ವಾ ಅನ್ನುತ್ತೀರಿ. ಒಂದು ಕಾಲಕ್ಕೆ ಸರಿ ಇತ್ತು. 1983ರಲ್ಲಿ ಕಾರ್ಬಿಯರ್ 11 ಸ್ಟೋನ್ 4 ಪೌಂಡ್ ಹೊತ್ತು ಗೆದ್ದ ಮೇಲೆ 11 ಸ್ಟೋನ್ ದಾಟಿದ ಭಾರದಲ್ಲಿ ಮತ್ತೆ ಒಂದು ಕುದುರೆ ಗೆದ್ದದ್ದು 2005ರಲ್ಲಿ, ಹೆಡ್ಜ್‌ಹಂಟರ್. ನಡುವೆ ಇಪ್ಪತ್ತು ವರ್ಷಕ್ಕೂ ಜಾಸ್ತಿ! ನಿಮ್ಮ ಸೂತ್ರ ಆ ಇಪ್ಪತ್ತು ವರ್ಷದ ಬಳುವಳಿ. ಯಾರೋ ಆಗ ಬರೆದರು, ಎಲ್ಲರೂ ನಕಲು ಹೊಡೆದುಕೊಂಡು ಬಂದರು. ಆಮೇಲೆ ಏನಾಯಿತು? 2010ರಲ್ಲಿ ಡೋಂಟ್ ಪುಶ್ ಇಟ್ 11-5 (ಅಂದರೆ 11 ಸ್ಟೋನ್ 5 ಪೌಂಡ್), 2012ರಲ್ಲಿ ನೆಪ್ಚೂನ್ ಕೊಲೋಂಜ್ 11-6, 2015ರಲ್ಲಿ ಮೆನಿ ಕ್ಲೌಡ್ಸ್ 11-9, 2019ರಲ್ಲಿ ಟೈಗರ್ ರೋಲ್ 11-5, ಹೋದ ವರ್ಷ, ಅಂದರೆ 2024ರಲ್ಲಿ, ಐ ಆ್ಯಮ್ ಮ್ಯಾಕ್ಸಿಮಸ್ 11-6. ನಡುನಡುವೆ ಹಗುರ ಭಾರದವೂ ಗೆದ್ದಿವೆ, 2021ರಿಂದ 2023ರ ತನಕ ಮೂರು ವರ್ಷ ಸತತವಾಗಿ. ಅದನ್ನು ಮುಚ್ಚಿಡುವುದಿಲ್ಲ. ಆದರೆ 'ಭಾರದ ಕುದುರೆ ಗೆಲ್ಲುವುದಿಲ್ಲ' ಅನ್ನುವ ಮಾತು ಸತ್ತು ಬಹಳ ದಿನವಾಯಿತು.

ಯಾಕೆ ಬದಲಾಯಿತು ಅನ್ನುವುದೇ ಈ ಪತ್ರ ಬರೆಯಲು ಕಾರಣ. ಏಂಟ್ರೀಯ ಬೇಲಿಗಳು ಈಗ ಮೊದಲಿನ ಬೇಲಿಗಳಲ್ಲ. 2012ರಲ್ಲಿ ಎರಡು ಕುದುರೆ ಸತ್ತವು, ಅದರಲ್ಲೊಂದು ಅದೇ ವರ್ಷ ಚೆಲ್ಟನಮ್ ಗೋಲ್ಡ್ ಕಪ್ (ಇಂಗ್ಲೆಂಡಿನ ಇನ್ನೊಂದು ದೊಡ್ಡ ಬೇಲಿ ರೇಸ್) ಗೆದ್ದಿದ್ದ ಸಿಂಕ್ರನೈಸ್ಡ್. ಮಾರನೇ ವರ್ಷ ಬೇಲಿಯೊಳಗಿನ ಗಟ್ಟಿ ಮರದ ಚೌಕಟ್ಟು ತೆಗೆದು ಬಗ್ಗುವ ಪ್ಲಾಸ್ಟಿಕ್ ಕಡ್ಡಿ ಹಾಕಿದರು. 2023ರಲ್ಲಿ ಮತ್ತೊಂದು ಕುದುರೆ ಸತ್ತಿತು, ಅದೇ ದಿನ ಪ್ರತಿಭಟನೆಯವರು ಟ್ರ್ಯಾಕಿಗೆ ನುಗ್ಗಿ ರೇಸ್ ತಡವಾಯಿತು. 2024ಕ್ಕೆ ದೊಡ್ಡ ಬದಲಾವಣೆ. 40 ಕುದುರೆ ಇದ್ದದ್ದು 34 ಆಯಿತು. ಮೊದಲ ಬೇಲಿಯನ್ನು ಸ್ಟಾರ್ಟ್‌ಗೆ 60 ಗಜ ಹತ್ತಿರ ತಂದರು, ಶುರುವಿನಲ್ಲೇ ಹುಚ್ಚು ಹಿಡಿದ ಹಾಗೆ ನುಗ್ಗಬಾರದು ಅಂತ. ಹನ್ನೊಂದನೇ ಬೇಲಿ ಎರಡು ಇಂಚು ತಗ್ಗಿತು. ಎಲ್ಲಕ್ಕಿಂತ ಮುಖ್ಯ, ಮತ್ತೆ ಯಾರೂ ಜಾಸ್ತಿ ಮಾತಾಡದ್ದು, ಓಡಲು ಬೇಕಾದ ಕನಿಷ್ಠ ರೇಟಿಂಗ್, ಅಂದರೆ ಕುದುರೆಯ ತಾಕತ್ತಿಗೆ ಕೊಡುವ ಅಂಕ, 125ರಿಂದ 130ಕ್ಕೆ ಏರಿತು. ಅಂದರೆ ಬಾಲಂಗೋಚಿ ಕುದುರೆಗಳು ಹೊರಗೆ.

ಫಲಿತಾಂಶ ಮೊದಲ ವರ್ಷವೇ ಕಂಡಿತು. ಹೋದ ವರ್ಷ 32 ಕುದುರೆ ಓಡಿದವು, ಒಂದೂ ಬೀಳಲಿಲ್ಲ. ನಾಲ್ಕು ಜಾಕಿಗಳು ಜೀನಿನಿಂದ ಜಾರಿದರು, ಏಳು ಕುದುರೆಗಳನ್ನು ಜಾಕಿಗಳೇ ನಿಲ್ಲಿಸಿದರು, 21 ಮುಗಿಸಿದವು. ಮೊದಲ ನಾಲ್ಕು ಸ್ಥಾನದಲ್ಲಿ ಬಂದವೆಲ್ಲ 11 ಸ್ಟೋನ್ ಮೇಲೆ ಹೊತ್ತವು, ಎಲ್ಲವೂ ದೊಡ್ಡ ದೊಡ್ಡ ರೇಸ್ ಕಂಡವು. ಮೂರನೆಯದು ಮಿನೆಲ್ಲಾ ಇಂಡೊ, 2021ರ ಗೋಲ್ಡ್ ಕಪ್ ವಿಜೇತ! ಇದು ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಮೊದಲು ಹತ್ತು ಕುದುರೆ ಬಿದ್ದು, ಇನ್ನೈದನ್ನು ಬೀಳಿಸಿ, ಉಳಿದವರಲ್ಲಿ ಯಾವನೋ ಗೆಲ್ಲುತ್ತಿದ್ದ. 1967ರಲ್ಲಿ 23ನೇ ಬೇಲಿ ಹತ್ತಿರ ಜಾಕಿ ಇಲ್ಲದ ಒಂದು ಕುದುರೆ ಅಡ್ಡ ಓಡಿ ಎಲ್ಲವೂ ರಾಶಿ ಬಿದ್ದಾಗ, ಎಷ್ಟೋ ಹಿಂದೆ ಬರುತ್ತಿದ್ದ ಫಾಯ್ನಾವನ್ ಸಂದಿಯಲ್ಲಿ ನುಸುಳಿ ಹಾರಿ ಒಂದಕ್ಕೆ ನೂರರ ಬೆಲೆಯಲ್ಲಿ (ಒಂದು ಪೌಂಡ್ ಕಟ್ಟಿದವನಿಗೆ ನೂರು ಪೌಂಡ್ ಲಾಭ) ಗೆದ್ದಿತು. ಆ ಬೇಲಿಗೆ ಈಗಲೂ ಅದರದೇ ಹೆಸರು. ಅಂಥ ಅದೃಷ್ಟಕ್ಕೆ ಈಗ ಜಾಗ ಕಡಿಮೆ. ಬೀಳುವವರು ಕಡಿಮೆಯಾದರೆ ಕೊನೆಯಲ್ಲಿ ಉಳಿಯುವುದು ತಾಕತ್ತಿನ ಪ್ರಶ್ನೆ. ಯಾವುದು ನಿಜಕ್ಕೂ ಒಳ್ಳೆಯ ಕುದುರೆ, ಯಾವುದಕ್ಕೆ ದೂರ ಆಗುತ್ತದೆ, ಅಷ್ಟೇ.

ಸರಿ, ಈ ಸಲದ ರೇಸ್ ದಿನಕ್ಕೆ, 2025ರ ಏಪ್ರಿಲ್ 5ರ ಶನಿವಾರಕ್ಕೆ ಬರೋಣ. ಕೊನೆಯ 34ರ ಪಟ್ಟಿ ಇನ್ನೂ ಬಂದಿಲ್ಲ, ಆದರೆ ಮುಖ್ಯವಾದವು ಯಾವುವು ಅಂತ ಎಲ್ಲರಿಗೂ ಗೊತ್ತಿದೆ.

ಐ ಆ್ಯಮ್ ಮ್ಯಾಕ್ಸಿಮಸ್. 'ಹೋದ ವರ್ಷ ಗೆದ್ದದ್ದು ಬೇಡ' ಅಂತ ನೀವು ಹೊಡೆದು ಹಾಕಿದ ಕುದುರೆ. ಒಂಬತ್ತು ವರ್ಷ, ಐರ್ಲೆಂಡಿನ ವಿಲ್ಲಿ ಮುಲಿನ್ಸ್ ತಾಲೀಮು, 2023ರಲ್ಲಿ ಐರಿಷ್ ಗ್ರ್ಯಾಂಡ್ ನ್ಯಾಷನಲ್, 2024ರಲ್ಲಿ ಇಲ್ಲಿನ ನ್ಯಾಷನಲ್, ಅದೂ ಏಳೂವರೆ ಲೆಂತ್‌ನಿಂದ. ಈ ಸಲ 11-12, ಎಲ್ಲರಿಗಿಂತ ಭಾರ. 1974ರಲ್ಲಿ ರೆಡ್ ರಮ್ 12 ಸ್ಟೋನ್ ಹೊತ್ತು ಗೆದ್ದ ಮೇಲೆ ಇಷ್ಟು ಭಾರದಲ್ಲಿ ಗೆದ್ದವರಿಲ್ಲ. ಸತತ ಎರಡು ವರ್ಷ ಗೆದ್ದದ್ದೂ ರೆಡ್ ರಮ್ ನಂತರ ಟೈಗರ್ ರೋಲ್ ಒಂದೇ, 2018 ಮತ್ತು 2019. ಒಂದು ಮಜಾ ಕೇಳಿ: ಟೈಗರ್ ರೋಲ್ ಮತ್ತು ಮ್ಯಾಕ್ಸಿಮಸ್ ಎರಡರ ಅಪ್ಪನೂ ಒಬ್ಬನೇ, ಆಥರೈಸ್ಡ್. ಅವನು 2007ರಲ್ಲಿ ಎಪ್ಸಮ್ ಡರ್ಬಿ ಗೆದ್ದ ಫ್ಲ್ಯಾಟ್ ಕುದುರೆ! ಬೇಲಿಯ ಮುಖವನ್ನೇ ನೋಡದ ಅಪ್ಪನಿಗೆ ನ್ಯಾಷನಲ್ ಗೆದ್ದ ಇಬ್ಬರು ಮಕ್ಕಳು. ತಳಿ ನೋಡಿ ಕುದುರೆ ಆರಿಸುವ ನಮ್ಮ ಮೈಸೂರಿನ ಹಿರಿಯರು ಇದಕ್ಕೆ ಏನು ಹೇಳುತ್ತಿದ್ದರೋ.

ಮ್ಯಾಕ್ಸಿಮಸ್ ಕಳೆದ ಏಪ್ರಿಲ್ ಆದ ಮೇಲೆ ಒಂದೂ ರೇಸ್ ಗೆದ್ದಿಲ್ಲ, ಅದು ನಿಜ. ಆದರೆ ಎಲ್ಲಿ ಓಡಿದೆ ಅಂತ ನೋಡಿ, ಐರ್ಲೆಂಡಿನ ಅತಿ ದೊಡ್ಡ ಚೇಸ್‌ಗಳಲ್ಲಿ (ಬೇಲಿ ಹಾರುವ ರೇಸ್‌ಗಳು), ಮೂರು ಮೈಲಿ ಚಿಲ್ಲರೆ ದೂರದಲ್ಲಿ. ಇದಕ್ಕೆ ಆ ದೂರ ಕಡಿಮೆ. ನಾಲ್ಕನೇ ಮೈಲಿಯಲ್ಲಿ ಏಳುವ ಕುದುರೆಯನ್ನು ಮೂರನೇ ಮೈಲಿಯಲ್ಲಿ ನಿಲ್ಲಿಸಿ ತೀರ್ಪು ಕೊಟ್ಟರೆ ಹೇಗೆ? ಗೆಲ್ಲುತ್ತದೆ ಅಂತ ಪ್ರಮಾಣ ಮಾಡಲಾರೆ, 75 ಕೆಜಿ ಅಂದರೆ 75 ಕೆಜಿಯೇ. ಆದರೆ ಮೊದಲ ನಾಲ್ಕರಲ್ಲಿ ಇರುವುದಿಲ್ಲ ಅನ್ನುವವರ ಜೊತೆ ನಾನು ಜಗಳಕ್ಕೆ ಸಿದ್ಧ.

ಮುಂದೆ ನಿಕ್ ರಾಕೆಟ್, ಇದೂ ಮುಲಿನ್ಸ್ ಕುದುರೆ. ಭಾರ 11-8. ಇದರ ಬಗ್ಗೆ ಇಲ್ಲಿ ಹೆಚ್ಚು ಮಾತಿಲ್ಲ, ಬೆಲೆಯೂ ದೊಡ್ಡದೇ ಇದೆ. ನನಗೆ ಮಾತ್ರ ಒಂದು ಲೆಕ್ಕ ತಲೆಯಲ್ಲಿ ಕೊರೆಯುತ್ತಿದೆ. ನ್ಯಾಷನಲ್‌ಗೆ ಭಾರ ಹಂಚುವುದು ಫೆಬ್ರವರಿಯಲ್ಲಿ. ಒಮ್ಮೆ ಹಂಚಿದ ಮೇಲೆ ಕುದುರೆ ಏನೇ ಗೆದ್ದರೂ ಭಾರ ಏರುವುದಿಲ್ಲ. ಪರೀಕ್ಷೆಯ ಅಂಕ ಹಾಕಿ ಮುಗಿದ ಮೇಲೆ ಹುಡುಗ ಇನ್ನೂ ಚೆನ್ನಾಗಿ ಓದಿಕೊಂಡು ಬಂದ ಹಾಗೆ. 2023ರಲ್ಲಿ ಕೋರಾಕ್ ರ‍್ಯಾಂಬ್ಲರ್ ಗೆದ್ದದ್ದು ಹೀಗೇ. ಭಾರ ಹಂಚಿದ ಮೇಲೆ ಮಾರ್ಚ್‌ನಲ್ಲಿ ಚೆಲ್ಟನಮ್‌ನಲ್ಲಿ ಗೆದ್ದು ಬಂತು, ಹೊಸ ರೇಟಿಂಗ್ ಪ್ರಕಾರ ಹತ್ತು ಪೌಂಡ್ ಜಾಸ್ತಿ ಹೊರಬೇಕಿತ್ತು, ಹೊರಲಿಲ್ಲ. ನಿಕ್ ರಾಕೆಟ್ ಜನವರಿಯಲ್ಲಿ ಐರ್ಲೆಂಡಿನ ಥೈಯೆಸ್ಟೀಸ್ ಚೇಸ್ ಗೆದ್ದಿತು, ಅದು ಭಾರದ ಲೆಕ್ಕಕ್ಕೆ ಸೇರಿತು. ಫೆಬ್ರವರಿ ಕೊನೆಯಲ್ಲಿ ಫೇರಿಹೌಸ್‌ನಲ್ಲಿ ಬಾಬಿಜೋ ಚೇಸ್ ಗೆದ್ದಿತು, ಅದು ಸೇರಲಿಲ್ಲ. ಹೋದ ವರ್ಷ ಮ್ಯಾಕ್ಸಿಮಸ್ ಇಲ್ಲಿಗೆ ಬಂದದ್ದೂ ಅದೇ ಬಾಬಿಜೋ ಗೆದ್ದು. ಒಂದೇ ದಾರಿ, ಒಂದೇ ಲಾಯ. ಭಾರ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ, ಆದರೂ ನನ್ನದೇ ವಾದ ನಾನು ನಂಬುವುದಾದರೆ ಇದನ್ನು ಹೊಡೆದು ಹಾಕಲು ನನಗೆ ಕಾರಣ ಸಿಗುತ್ತಿಲ್ಲ.

ಸ್ಟಂಪ್‌ಟೌನ್ ಕೂಡ ಇದೇ ಲೆಕ್ಕದಲ್ಲಿ ಬರುತ್ತದೆ. ಗ್ಯಾವಿನ್ ಕ್ರೋಮ್‌ವೆಲ್ ಕುದುರೆ, ಮಾರ್ಚ್ 12ರಂದು ಚೆಲ್ಟನಮ್‌ನ ಕ್ರಾಸ್ ಕಂಟ್ರಿ ಚೇಸ್ ಗೆದ್ದಿತು. ದಿಬ್ಬ, ಪೊದೆ, ತರಾವರಿ ಬೇಲಿ ಇರುವ ರೇಸ್ ಅದು, ಏಂಟ್ರೀಗೆ ಒಳ್ಳೆಯ ತಾಲೀಮು. ಟೈಗರ್ ರೋಲ್ ಎರಡು ವರ್ಷವೂ ಅದನ್ನು ಗೆದ್ದೇ ಇಲ್ಲಿಗೆ ಬಂದದ್ದು. ನನಗಿರುವ ಅನುಮಾನ ಒಂದೇ, ನಡುವೆ 24 ದಿನ ಮಾತ್ರ. ಕೆಲವು ಕುದುರೆಗೆ ಅದು ಸಾಕು, ಕೆಲವು ತಟ್ಟೆಯಲ್ಲಿ ಓಟ್ಸ್ ಬಿಟ್ಟು ಸುಮ್ಮನೆ ನಿಲ್ಲುತ್ತವೆ. ಟ್ರೈನರ್‌ಗೆ ಗೊತ್ತಿರುತ್ತದೆ, ನಮಗೆ ಹೇಳುವುದಿಲ್ಲ.

ಇರೋಕೊ ಬಗ್ಗೆ ಇಲ್ಲಿ ಎಲ್ಲರಿಗೂ ಪ್ರೀತಿ, ಯಾಕೆಂದರೆ ಪಕ್ಕದ ಚೆಷೈರ್‌ನದು. ಐರಿಷ್ ಕುದುರೆಗಳು ವರ್ಷವರ್ಷವೂ ಬಾಚಿಕೊಂಡು ಹೋಗುವುದನ್ನು ನೋಡಿ ಇಂಗ್ಲೆಂಡಿನವರಿಗೆ ಸಾಕಾಗಿದೆ. ನನ್ನ ಆಫೀಸಿನಲ್ಲಂತೂ ಇರೋಕೊ ಬಿಟ್ಟರೆ ಬೇರೆ ಮಾತಿಲ್ಲ. ಏಳು ವರ್ಷ. ನಿಮ್ಮ ಸೂತ್ರದ ಪ್ರಕಾರ ಬೇಡ. 1940ರಲ್ಲಿ ಬಾಗ್‌ಸ್ಕಾರ್ ಗೆದ್ದ ಮೇಲೆ 80 ವರ್ಷ ಏಳರ ಕುದುರೆ ಗೆದ್ದಿರಲಿಲ್ಲ, ಅದು ನಿಜ. ಆದರೆ 2022ರಲ್ಲಿ ನೋಬಲ್ ಯೇಟ್ಸ್ ಗೆದ್ದದ್ದು ಏಳರಲ್ಲೇ, ಅದೂ ಅವತ್ತೇ ನಿವೃತ್ತಿ ಅಂತ ಹೇಳಿದ್ದ ಹವ್ಯಾಸಿ ಜಾಕಿ ಸ್ಯಾಮ್ ವೇಲಿ-ಕೋಹೆನ್ ಕೈಯಲ್ಲಿ, ಒಂದಕ್ಕೆ ಐವತ್ತರಲ್ಲಿ. ಇಷ್ಟು ವರ್ಷ ಗೆಲ್ಲದ್ದಕ್ಕೆ ಮುಖ್ಯ ಕಾರಣ ಆ ವಯಸ್ಸಿನವನ್ನು ಇಲ್ಲಿಗೆ ಹೆಚ್ಚಾಗಿ ಕಳಿಸುತ್ತಲೇ ಇರಲಿಲ್ಲ ಅನ್ನುವುದು. ಇರೋಕೊಗೆ ನನ್ನ ಆಕ್ಷೇಪ ವಯಸ್ಸಲ್ಲ. ನಾಲ್ಕು ಮೈಲಿ ದೂರ ಅದು ಇನ್ನೂ ಕಂಡಿಲ್ಲ. ಆಗುತ್ತದೋ ಏನೋ. ಜನಪ್ರೀತಿಯಿಂದ ಬೆಲೆ ಇಷ್ಟು ಇಳಿದ ಮೇಲೆ ಊಹೆಯ ಮೇಲೆ ನಿಲ್ಲಲು ನನಗೆ ಇಷ್ಟವಿಲ್ಲ.

ಇನ್ನು ಬೂದು ಕುದುರೆಗಳು. ಇಂಟೆನ್ಸ್ ರಾಫಲ್ಸ್, ವ್ಯಾನಿಲಿಯರ್, ಕ್ಯಾಂಡೂ ಕಿಡ್, ಈ ಸಲ ಒಳ್ಳೆಯವೇ ಮೂರು ಇವೆ. ಇಷ್ಟು ವರ್ಷದಲ್ಲಿ ಗೆದ್ದ ಬೂದು ಕುದುರೆಗಳೂ ಮೂರೇ: 1868 ಮತ್ತು 1871ರಲ್ಲಿ ದಿ ಲ್ಯಾಂಬ್, 1961ರಲ್ಲಿ ನಿಕೋಲಸ್ ಸಿಲ್ವರ್, 2012ರಲ್ಲಿ ನೆಪ್ಚೂನ್ ಕೊಲೋಂಜ್, ಕೊನೆಯದು ಮೂಗಿನಷ್ಟು ಅಂತರದಲ್ಲಿ. ಅದಕ್ಕೆ ಬಣ್ಣ ಅಪಶಕುನ ಅನ್ನುವುದೇ? ಬೂದು ಕುದುರೆ ಮೊದಲೇ ಕಡಿಮೆ, ಓಡುವುದೂ ಕಡಿಮೆ, ಗೆಲ್ಲುವುದೂ ಕಡಿಮೆ. ಬೆಕ್ಕು ಅಡ್ಡ ಹೋದರೆ ಬಸ್ ಕೆಡುತ್ತದೆ ಅಂದ ಹಾಗಾಯಿತು. ಇಂಟೆನ್ಸ್ ರಾಫಲ್ಸ್ ಹೋದ ವರ್ಷ ಬರೀ ಆರು ವರ್ಷಕ್ಕೇ ಐರಿಷ್ ಗ್ರ್ಯಾಂಡ್ ನ್ಯಾಷನಲ್ ಗೆದ್ದಿದೆ, ಬಲವಾದ ಕುದುರೆ. ಅದರ ಕಷ್ಟ ಬಣ್ಣವಲ್ಲ, ನೆಲ. ಅದಕ್ಕೆ ಮಳೆ ಬಿದ್ದು ಮೆತ್ತಗಾದ ನೆಲ ಬೇಕು. ಇಲ್ಲಿ ಮಾರ್ಚ್ ತುಂಬ ಬಿಸಿಲು, ನಮ್ಮೂರಿನ ಜನವರಿ ಥರ. ಏಂಟ್ರೀಯವರು ನೆಲ ಗಟ್ಟಿಯಾಗದಂತೆ ನೀರು ಬಿಡುತ್ತಾರೆ, ಆದರೂ ಪೈಪಿನ ನೀರು ಮಳೆಯಾಗುವುದಿಲ್ಲ. ವ್ಯಾನಿಲಿಯರ್ 2023ರಲ್ಲಿ ಇಲ್ಲೇ ಎರಡನೆಯದಾಗಿ ಬಂದದ್ದು, ಬೇಲಿಗಳು ಗೊತ್ತು, ಮೊದಲ ಐದರಲ್ಲಿ ಕಂಡರೆ ಆಶ್ಚರ್ಯ ಇಲ್ಲ. ಕ್ಯಾಂಡೂ ಕಿಡ್ ನವೆಂಬರ್‌ನಲ್ಲಿ ನ್ಯೂಬರಿಯಲ್ಲಿ ಕೋರಲ್ ಗೋಲ್ಡ್ ಕಪ್ ಗೆದ್ದಿತು, ಟ್ರೈನರ್ ಪಾಲ್ ನಿಕೋಲ್ಸ್, ನೆಪ್ಚೂನ್ ಕೊಲೋಂಜ್ ಕೂಡ ಅವರದೇ. ಆದರೆ ಇದಕ್ಕೂ ದೂರದ ಪ್ರಶ್ನೆ ಇದೆ.

ಬಿಸಿಲು ಮುಂದುವರಿದರೆ ನಗುವುದು ಹ್ಯೂಯಿಕ್. ಒಣ ನೆಲ ಅಂದರೆ ಇದಕ್ಕೆ ಹಬ್ಬ. 850 ಯೂರೋಗೆ ಕೊಂಡ ಕುದುರೆ ಇದು, ನಮ್ಮ ದುಡ್ಡಿನಲ್ಲಿ ಒಂದು ಹೊಸ ಸ್ಕೂಟರ್ ಬರುವುದೂ ಅನುಮಾನ. 2022ರಲ್ಲಿ ಗಾಲ್ವೇ ಪ್ಲೇಟ್, ಅದೇ ವರ್ಷ ಅಮೆರಿಕಕ್ಕೆ ಹೋಗಿ ಅಲ್ಲಿನ ಗ್ರ್ಯಾಂಡ್ ನ್ಯಾಷನಲ್, 2023ರ ಕ್ರಿಸ್ಮಸ್ ಮಾರನೇ ದಿನ ಕೆಂಪ್ಟನ್‌ನಲ್ಲಿ ಕಿಂಗ್ ಜಾರ್ಜ್ ಚೇಸ್, ಎಲ್ಲ ಗೆದ್ದಿತು. ಲಕ್ಷಾಂತರ ಪೌಂಡಿನ ಕುದುರೆಗಳನ್ನು ಹಿಂದೆ ಹಾಕಿದ್ದು! ನನಗೆ ಇದರ ಮೇಲೆ ಮೋಹ ಇದೆ, ಮುಚ್ಚಿಡುವುದಿಲ್ಲ. ಹಾಗಾಗಿ ಇದರ ಬಗ್ಗೆ ನನ್ನ ಮಾತನ್ನು ಯಾರೂ ಜಾಸ್ತಿ ನಂಬಬೇಡಿ.

ಮಿನೆಲ್ಲಾ ಇಂಡೊಗೆ ಈಗ ಹನ್ನೆರಡು. ಗೋಲ್ಡ್ ಕಪ್ ಮತ್ತು ನ್ಯಾಷನಲ್ ಎರಡನ್ನೂ ಗೆದ್ದದ್ದು ಗೋಲ್ಡನ್ ಮಿಲ್ಲರ್ ಮತ್ತು ಲೆಸ್ಕಾರ್ಗೊ ಎರಡೇ. ಮೂರನೆಯವನಾಗುವ ಹೊತ್ತು ಇದಕ್ಕೆ ಮೀರಿದೆ. ಹನ್ನೆರಡರಲ್ಲಿ ಕೊನೆಗೆ ಗೆದ್ದದ್ದು 2004ರಲ್ಲಿ ಆ್ಯಂಬರ್ಲಿ ಹೌಸ್. ವಯಸ್ಸು ನೋಡಿ ಕುದುರೆ ಬಿಡುವುದಾದರೆ ಈ ಒಂದು ಕಡೆ ಮಾತ್ರ ನಾನು ಒಪ್ಪಿ ತಲೆ ಆಡಿಸುತ್ತೇನೆ.

ಈಗ ನನ್ನ ಪಟ್ಟಿ ಏನು ಅಂತ ಕೇಳುತ್ತೀರಿ. ಸ್ಟಂಪ್‌ಟೌನ್, ಮ್ಯಾಕ್ಸಿಮಸ್, ನಿಕ್ ರಾಕೆಟ್. ಈ ಮೂರರ ಕ್ರಮ ದಿನಕ್ಕೆ ಎರಡು ಸಲ ಬದಲಾಗುತ್ತಿದೆ. ಮಳೆ ಸುರಿದರೆ ಇಂಟೆನ್ಸ್ ರಾಫಲ್ಸ್ ಒಳಗೆ ಬರುತ್ತದೆ. ಇದೆಲ್ಲ ತಪ್ಪಾಗಬಹುದು, 2016ರಲ್ಲಿ ರೂಲ್ ದಿ ವರ್ಲ್ಡ್ ಅನ್ನುವ ಕುದುರೆ ಅದಕ್ಕೆ ಮೊದಲು ಒಂದೇ ಒಂದು ಚೇಸ್ ಕೂಡ ಗೆಲ್ಲದೆ ಸೀದಾ ನ್ಯಾಷನಲ್ ಗೆದ್ದಿತ್ತು. ಅವತ್ತು ನನ್ನ ಪಟ್ಟಿಯಲ್ಲಿ ಅದರ ಹೆಸರು ಎಲ್ಲೂ ಇರಲಿಲ್ಲ. ಆಫೀಸಿನಲ್ಲಿ ಪ್ರತಿ ವರ್ಷ ಎರಡೆರಡು ಪೌಂಡ್ ಹಾಕಿ, ಎಲ್ಲ ಕುದುರೆಗಳ ಹೆಸರಿನ ಚೀಟಿ ಮಾಡಿ ಬಿಸ್ಕತ್ ಡಬ್ಬದಲ್ಲಿ ಹಾಕಿ ಎತ್ತುತ್ತೇವೆ. ಆ ವರ್ಷ ಅದರ ಚೀಟಿ ಬಂದದ್ದು, ಕುದುರೆ ಅಂದರೆ ನಾಯಿಗಿಂತ ದೊಡ್ಡದು ಅಂತ ಮಾತ್ರ ಗೊತ್ತಿದ್ದ ಒಬ್ಬ ಸಹೋದ್ಯೋಗಿಗೆ. ಇವತ್ತಿಗೂ ಮಾರ್ಚ್ ಬಂದರೆ ನನಗೆ ಸಲಹೆ ಕೊಡಲು ಬರುತ್ತಾನೆ.

ಸಂಪಾದಕರೇ, ಒಂದು ವಿನಂತಿ. ಹೋದ ವರ್ಷ ನೀವು ಫಲಿತಾಂಶವನ್ನು ಎರಡು ಸಾಲಿನಲ್ಲಿ ಹಾಕಿದ್ದಿರಿ, 'ಫೇವರಿಟ್ ಗೆದ್ದಿತು' ಅಂತ. ಈ ಸಲ ಮೊದಲ ಐದು ಕುದುರೆ, ಪ್ರತಿಯೊಂದರ ಮುಂದೆ ವಯಸ್ಸು ಮತ್ತು ಹೊತ್ತ ಭಾರ, ಕೆಜಿಯಲ್ಲೇ ಹಾಕಿ ಪರವಾಗಿಲ್ಲ, ಅಷ್ಟು ಕೊಡಿ. ನಾನು ಹೇಳಿದ್ದು ತಪ್ಪಾದರೆ ಅದೇ ಜಾಗದಲ್ಲಿ ಕಾಣುತ್ತದೆ. ಈಗ ರೇಸ್ ಇಲ್ಲಿನ ಸಂಜೆ ನಾಲ್ಕಕ್ಕೆ, ನಿಮಗೆ ರಾತ್ರಿ ಎಂಟೂವರೆ. ಒಂಬತ್ತರೊಳಗೆ ಎಲ್ಲ ಮುಗಿದಿರುತ್ತದೆ. ಭಾನುವಾರದ ಪುಟ ಕಟ್ಟುವುದಕ್ಕೆ ಸಾಕಷ್ಟು ಹೊತ್ತಿದೆ.

ಇಂತಿ,
ಲಿವರ್‌ಪೂಲ್‌ನಿಂದ ಒಬ್ಬ ಮೈಸೂರಿನವ